ಜಾಹೀರಾತಿನ ಬೊಬ್ಬೆ, ಧಾರಾವಾಹಿಯ ಪಿಸುಮಾತು

ದೂರದರ್ಶನ ಎಂಬ ಹೆಸರಿನಲ್ಲಿ ದರ್ಶನ ಉಂಟು, ಶ್ರವಣ ಇಲ್ಲ. ಟಿವಿಯ ಬಗ್ಗೆ ಬರೆಯುವವರು ಕಥೆ, ನಟನೆ, ಸೀರೆ, ಒಡವೆ ಎಲ್ಲವನ್ನೂ ಬರೆಯುತ್ತಾರೆ. ಕಿವಿಗೆ ಬಿದ್ದದ್ದು ಹೇಗಿತ್ತು ಎಂದು ಬರೆಯುವವರು ಕಡಿಮೆ. ಆದರೆ ನಮ್ಮ ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಸಂಜೆ ಏಳರ ನಂತರ ಟಿವಿಯ ಎದುರು ಹೆಚ್ಚಾಗಿ ಕೇಳುವ ಮಾತು ಯಾವುದು ಹೇಳಿ? "ಅದನ್ನೊಮ್ಮೆ ಸಣ್ಣ ಮಾಡು ಮಾರಾಯ!" ಸ್ವಲ್ಪ ಹೊತ್ತು ಕಳೆದರೆ, "ಎಂತ ಹೇಳಿದ್ದು ಅವಳು? ದೊಡ್ಡ ಮಾಡು." ಅರ್ಧ ಗಂಟೆಯ ಧಾರಾವಾಹಿ ನೋಡುವುದಕ್ಕೆ ಹತ್ತು ಸಲ ರಿಮೋಟು ಒತ್ತಬೇಕಾದರೆ, ಅದನ್ನು ಆ ಕಾರ್ಯಕ್ರಮದ ದೋಷವೆಂದೇ ಎಣಿಸಬೇಕು. ವಿಮರ್ಶೆ ಅದನ್ನು ಬಿಟ್ಟುಬಿಡಬಾರದು.

ಧಾರಾವಾಹಿಯಲ್ಲಿ ಅತ್ತೆ ಸೊಸೆ ಮೆಲ್ಲ ಮಾತಾಡುತ್ತಾರೆ. ಕಿವಿ ಮಂದವಾದ ಅಜ್ಜನಿಗೆ ಕೇಳಲಿ ಎಂದು ಶಬ್ದ ಏರಿಸುತ್ತೇವೆ. ಆಗಲೇ ಸಾಬೂನಿನ ಜಾಹೀರಾತು ಬಂದು ಬೊಬ್ಬೆ ಹೊಡೆಯುತ್ತದೆ. ಒಳಕೋಣೆಯಲ್ಲಿ ಓದುವ ಮಗು ಕಿವಿ ಮುಚ್ಚುತ್ತದೆ, ತೊಟ್ಟಿಲ ಕೂಸು ಎದ್ದು ಅಳುತ್ತದೆ. ಯಾರೋ ಓಡಿ ಬಂದು ಶಬ್ದವನ್ನೇ ನಿಲ್ಲಿಸುತ್ತಾರೆ. ಅದನ್ನು ಪುನಃ ಬಿಡುವ ಹೊತ್ತಿಗೆ ಕಥೆಯ ನಾಲ್ಕು ಮಾತು ಹೋಗಿಯಾಯಿತು.

ಇದರಲ್ಲಿ ಒಂದು ವಿಚಿತ್ರ ಉಂಟು. ಶಬ್ದದ ತುತ್ತತುದಿಯನ್ನು ಮಾತ್ರ ಅಳೆದರೆ, ಜಾಹೀರಾತಿನದ್ದೂ ಧಾರಾವಾಹಿಯದ್ದೂ ಒಂದೇ ಎತ್ತರ ಬರಬಹುದು. ಒಂದು ಸೇರು ಅರಳು, ಒಂದು ಸೇರು ಅಕ್ಕಿ ಇದ್ದ ಹಾಗೆ. ಸೇರಿನ ಬಾಯಿ ಮಟ್ಟಕ್ಕೆ ಎರಡೂ ಸಮ; ಎತ್ತಿ ನೋಡಿದರೆ ತೂಕ ಬೇರೆ. ಧಾರಾವಾಹಿಯಲ್ಲಿ ನಿಟ್ಟುಸಿರು, ಮೌನ, ಪಿಸುಮಾತು, ಎಲ್ಲೋ ಒಮ್ಮೆ ಒಂದು ಕೂಗು ಇರುತ್ತದೆ. ಜಾಹೀರಾತು ತಯಾರಿಸುವಾಗ ಸಣ್ಣ ಸದ್ದುಗಳನ್ನೆಲ್ಲ ಮೇಲೆತ್ತಿ, ದೊಡ್ಡವುಗಳ ಸಮಕ್ಕೆ ತಂದು ಒತ್ತಿ ತುಂಬುತ್ತಾರೆ. ಇದಕ್ಕೆ ಕಂಪ್ರೆಷನ್ ಎಂದು ಹೆಸರು. ಮೂವತ್ತು ಸೆಕೆಂಡಿನಲ್ಲಿ ಒಂದು ಕ್ಷಣವೂ ಬಿಡುವಿಲ್ಲ. ನಮ್ಮ ಕಿವಿಯಾದರೋ ಜೋರನ್ನು ಅಳೆಯುವುದು ತುದಿ ಮುಟ್ಟಿದ ಒಂದು ಸದ್ದಿನಿಂದಲ್ಲ, ಒಟ್ಟು ಬಿದ್ದ ಭಾರದಿಂದ.

ಹಾಗಾದರೆ ದೊಡ್ಡ ಶಬ್ದವೇ ತಪ್ಪೇ? ಯಕ್ಷಗಾನದ ಊರಿನವರು ಹಾಗೆ ಹೇಳುವ ಹಾಗಿಲ್ಲ. ಚೆಂಡೆಯ ಪೆಟ್ಟು ಗದ್ದೆ ದಾಟಿ ಆಚೆ ಊರಿಗೆ ಕೇಳಿದರೂ ಅದು ಅತಿಯಾಯಿತು ಎಂದು ನಾವು ಹೇಳಿದ್ದಿಲ್ಲ. ಯಾಕೆಂದರೆ ಅದಕ್ಕೆ ಸಮಯ, ಸಂದರ್ಭ ಉಂಟು. ಯುದ್ಧಕ್ಕೆ, ವೀರರಸದ ಪ್ರವೇಶಕ್ಕೆ ಚೆಂಡೆ ಬೇಕು. ಶೃಂಗಾರ, ಕರುಣದ ಪದಕ್ಕೆ ಮದ್ದಳೆ ಸಾಕು. ವೇಷಧಾರಿ ಅರ್ಥ ಹೇಳಲು ನಿಂತ ಮೇಲೆ ಚೆಂಡೆ ಸುಮ್ಮನಾಗುತ್ತದೆ. ಮಾತಿಗೆ ಜಾಗ ಬಿಡುತ್ತದೆ. ಈ ಅಳತೆಗೋಲು ಹಿಡಿದು ನೋಡಿದರೆ ಧಾರಾವಾಹಿಗಳದ್ದೂ ತಪ್ಪು ಉಂಟು. ಅತ್ತೆ ಒಮ್ಮೆ ಕಣ್ಣು ಬಿಟ್ಟರೆ ಮೂರು ಸಲ ಗುಡುಗು. ಮಗ ಮನೆ ಬಿಟ್ಟು ಹೋಗುವಾಗ ತಾಯಿ ಹೇಳುವ ಮಾತಿನ ಮೇಲೆಯೇ ಪಿಟೀಲು. ಸಿನೆಮಾದ ತೊಂದರೆ ಇನ್ನೊಂದು ಬಗೆ. ಅದರ ಪಿಸುಮಾತು, ಸ್ಫೋಟ ಎಲ್ಲ ದೊಡ್ಡ ಚಿತ್ರಮಂದಿರಕ್ಕೆಂದು ಹೊಂದಿಸಿದ್ದು. ಈಗಿನ ತೆಳು ಟಿವಿಗಳ ಪುಟ್ಟ ಸ್ಪೀಕರು ಎಷ್ಟೋ ಸಲ ಹಿಂಬದಿಗೋ ಕೆಳಕ್ಕೋ ಮುಖ ಮಾಡಿರುತ್ತದೆ. ಅಲ್ಲಿ ಮಾತು ಮುಳುಗುತ್ತದೆ, ಸ್ಫೋಟ ಉಳಿಯುತ್ತದೆ. ಆದರೂ ಸಿನೆಮಾದ ಏರಿಳಿತಕ್ಕೆ ಕಥೆಯ ಕಾರಣ ಉಂಟು. ಜಾಹೀರಾತಿನ ಬೊಬ್ಬೆಗೆ ಅಂಥ ಕಾರಣ ಯಾವುದೂ ಇಲ್ಲ. ನೀರು ಕುಡಿಯಲು ಎದ್ದು ಹೋದವರ ಬೆನ್ನು ಹಿಡಿಯುವುದಷ್ಟೇ ಅದರ ಕೆಲಸ.

ಕಾನೂನು ಇಲ್ಲ ಎಂದು ತಿಳಿಯಬೇಡಿ. 1994ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳಲ್ಲಿ ಏಳನೆಯದು ಜಾಹೀರಾತು ಸಂಹಿತೆ. ಜಾಹೀರಾತಿನ ಧ್ವನಿ ಅತಿ ಜೋರಾಗಿರಕೂಡದು ಎಂದು ಅದರಲ್ಲೇ ಉಂಟು. ಆದರೆ 'ಅತಿ' ಎಂದರೆ ಎಷ್ಟು ಎಂಬ ಲೆಕ್ಕ ಆ ಸಾಲಿನಲ್ಲಿ ಇಲ್ಲ. ಹಾಗೆಂದು ಲೆಕ್ಕ ಮಾಡಲು ಸಾಧ್ಯವಿಲ್ಲದ ವಿಷಯವೇನೂ ಅಲ್ಲ. ಒಟ್ಟು ಭಾರವನ್ನು ಅಳೆಯುವ ಅಂತಾರಾಷ್ಟ್ರೀಯ ಕ್ರಮ 2006ರಲ್ಲೇ ಬಂದಿದೆ. ಜಾಹೀರಾತಿನ ಸರಾಸರಿ ಶಬ್ದ ಕಾರ್ಯಕ್ರಮದ್ದನ್ನು ಮೀರಬಾರದೆಂದು ಅಮೆರಿಕ 2010ರಲ್ಲಿ ಕಾನೂನು ಮಾಡಿತು. 2012ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವೂ 2010ರಲ್ಲೇ ಒಂದು ಮಟ್ಟವನ್ನು ಗೊತ್ತುಮಾಡಿತು. ಅಳತೆಗೋಲು ಉಂಟು, ಅಳೆಯುವ ಮನಸ್ಸು ಬೇಕು.

ಗಡಿಯ ಈಚೆ ಇರುವ ನಮಗೆ ಇದರಲ್ಲಿ ಇನ್ನೊಂದು ನಷ್ಟವೂ ಉಂಟು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಬಸ್ಸಿನ ಬೋರ್ಡು, ಕಚೇರಿಯ ಕಾಗದ, ಪೇಟೆಯ ಮಾತು ಹೆಚ್ಚಾಗಿ ಮಲಯಾಳ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡುವವರು ಬಹಳ. ಅಂಥ ಮನೆಯ ಮಗುವಿಗೆ ಶಾಲೆ ಬಿಟ್ಟ ಮೇಲೆ ಕಿವಿಗೆ ಬೀಳುವ ಕನ್ನಡ ಎಂದರೆ ಬಹುಪಾಲು ಟಿವಿಯದ್ದು. ಅದರಲ್ಲಿ ಮನುಷ್ಯರು ಮನುಷ್ಯರೊಡನೆ ಆಡುವ ಕನ್ನಡ ಮೆಲ್ಲಗೆ ಬರುತ್ತದೆ. ಹಿಂದಿಯಿಂದ ಅವಸರದಲ್ಲಿ ತಿರುಗಿಸಿದ, ಕ್ರಿಯಾಪದ ಎಲ್ಲೆಲ್ಲೋ ಬಿದ್ದ ಕನ್ನಡ ಬೊಬ್ಬೆಯಾಗಿ ಬರುತ್ತದೆ. ಮಗು ಯಾವುದನ್ನು ಬಾಯಿಪಾಠ ಮಾಡುತ್ತದೆ? ಒಂದನೇ ಕ್ಲಾಸಿನ ಟೀಚರನ್ನು ಕೇಳಿ ನೋಡಿ. ಇತ್ತ ಬೊಬ್ಬೆ ತಾಳಲಾರದೆ ನಾವು ಶಬ್ದ ನಿಲ್ಲಿಸಿದಾಗ ಒಳ್ಳೆಯ ಕನ್ನಡವೂ ಅದರೊಂದಿಗೆ ಹೋಗುತ್ತದೆ. ಪೇಪರು ಓದಲು ಕಣ್ಣು ಸಾಲದ ಅಜ್ಜಿಗೆ ಅದೇ ಕೊನೆಯ ಆಸರೆ.

ಮಾಡಬಹುದಾದ ಕೆಲಸ ಎರಡು ಮೂರು ಉಂಟು. ಹಲವು ಟಿವಿಗಳ ಸೆಟ್ಟಿಂಗಿನಲ್ಲಿ ಆಟೋ ವಾಲ್ಯೂಮ್ ಎಂದೋ ನೈಟ್ ಮೋಡ್ ಎಂದೋ ಒಂದು ಸೌಕರ್ಯ ಇರುತ್ತದೆ. ಹಾಕಿ ನೋಡಿ, ಏರಿಳಿತ ಸ್ವಲ್ಪ ತಗ್ಗುತ್ತದೆ. ವಿಜ್ಞಾನದ ಮಾಸ್ಟ್ರುಗಳು ಮೊಬೈಲಿನ ಶಬ್ದಮಾಪಕದಿಂದ ಮಕ್ಕಳಲ್ಲಿ ಅಳೆಸಬಹುದು. ಲೆಕ್ಕ ಕರಾರುವಾಕ್ಕಾಗಿ ಸಿಗದಿದ್ದರೂ ಧಾರಾವಾಹಿಗೂ ಜಾಹೀರಾತಿಗೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಮೂರನೆಯದು ದೂರು. 2021ರ ತಿದ್ದುಪಡಿಯಂತೆ, ಸಂಹಿತೆ ಮುರಿದದ್ದಕ್ಕೆ ಯಾರು ಬೇಕಾದರೂ ಚಾನೆಲಿಗೇ ಬರೆದು ದೂರಬಹುದು. ಹದಿನೈದು ದಿನದೊಳಗೆ ಅವರು ತೀರ್ಮಾನ ತಿಳಿಸಬೇಕು. ಚಾನೆಲು, ತಾರೀಕು, ಗಂಟೆ, ಯಾವ ಜಾಹೀರಾತು, ಇಷ್ಟನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಒಬ್ಬರ ಕಾಗದವನ್ನು ಬದಿಗಿಟ್ಟಾರು. ಒಂದೇ ಊರಿನಿಂದ ಮೂವತ್ತು ಕಾಗದ ಹೋದರೆ ಅಷ್ಟು ಸುಲಭವಾಗಿ ಬದಿಗಿಡಲಿಕ್ಕಾಗದು.