ಸಂಬಳವಿಲ್ಲದ ವಕಾಲತ್ತು

‘ನಾವು ಹೋದಮೇಲೆ ಇವನಿಗೆ ಯಾರು?’ ಬೆಳವಣಿಗೆಯ ನ್ಯೂನತೆಯಿರುವ ಮಕ್ಕಳನ್ನು ಹೆತ್ತವರ ಈ ಪ್ರಶ್ನೆಗೆ ಅಮೆರಿಕದ ವುಲ್ಫ್ ವುಲ್ಫೆನ್ಸ್‌ಬರ್ಗರ್ 1966ರಲ್ಲಿ ಕಂಡುಕೊಂಡ ಉತ್ತರ ಬಲು ಜಾಣತನದ್ದು. ‘ಸಿಟಿಜನ್ ಅಡ್ವೊಕಸಿ’ ಎಂಬ ಆ ಏರ್ಪಾಡಿನ ಮೊದಲ ಕಚೇರಿ 1970ರಲ್ಲಿ ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಶುರುವಾಯಿತು.

ನ್ಯೂನತೆಯಿರುವ ಒಬ್ಬ ವ್ಯಕ್ತಿಗೆ ಒಬ್ಬ ಸ್ವಯಂಸೇವಕ. ಇಬ್ಬರನ್ನು ಜೋಡಿಸುವ ಕಚೇರಿಯ ಸಿಬ್ಬಂದಿಗೆ ಸಂಬಳವುಂಟು, ಪರವಾಗಿ ನಿಲ್ಲುವವರಿಗೆ ಬಿಡಿಗಾಸೂ ಇಲ್ಲ. ಇದರ ಸೊಗಸಿರುವುದೇ ಇಲ್ಲಿ. ವಸತಿ ಕೇಂದ್ರದ ಅನ್ನ ತಿನ್ನುವ ನೌಕರ ಎಷ್ಟೇ ಒಳ್ಳೆಯವನಿರಲಿ, ಅದೇ ಕೇಂದ್ರದ ವಿರುದ್ಧ ದನಿ ಎತ್ತುವುದು ಕಷ್ಟ. ಹೊರಗಿನಿಂದ ಬಂದವರಿಗೆ ಆ ಹಂಗಿಲ್ಲ. ತಮ್ಮ ಜೋಡಿಯ ಬಗ್ಗೆ ಅವರು ಕೇಳಬೇಕಾದದ್ದು ಸಣ್ಣ ಪ್ರಶ್ನೆಗಳನ್ನು: ಮೈಮೇಲಿನ ಅಂಗಿ ಅವನದೇನಾ? ಮಲಗುವ ಹೊತ್ತನ್ನು ಗೊತ್ತುಮಾಡುವವರು ಯಾರು? ಊಟ ಬಿಟ್ಟದ್ದು ಹಟಕ್ಕೋ, ಹಲ್ಲುನೋವಿಗೋ? ಮಾತಾಡದವನ ‘ಬೇಡ’ವನ್ನು ಮುಖ ತಿರುಗಿಸುವ ರೀತಿಯಲ್ಲೇ ಓದಲು ಕಲಿಯಬೇಕು. ಅದಕ್ಕೆ ತರಬೇತಿಗಿಂತ ಮತ್ತೆಮತ್ತೆ ಹೋಗಿ ಪಕ್ಕದಲ್ಲಿ ಕೂರುವ ವ್ಯವಧಾನ ಮುಖ್ಯ. (ಫೋಟೊಗಾಗಿ ಹಣ್ಣು ಹಂಚಿ ಹೊರಡುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.)

ಇದರಿಂದ ಸಾವಿರಾರು ಜನರನ್ನು ತಲುಪಲಾಗದು ಎಂಬುದು ನಿಜ. ಕೇಂದ್ರಗಳ ದುಃಸ್ಥಿತಿಯನ್ನು ಸರಿಪಡಿಸಲು ಕಾನೂನು, ನ್ಯಾಯಾಲಯಗಳೇ ಬೇಕು.

ನಮ್ಮಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಬ್ಯಾಂಕು, ಆಸ್ತಿ, ಸಹಿಗಳಿಗೆ ಅದು ಅನಿವಾರ್ಯ. ಆದರೆ ಭಾನುವಾರ ಬಂದು ಅಂಗಿಯ ವಿಚಾರ ಕೇಳುವ ಸ್ನೇಹಿತರನ್ನು ಯಾವ ಸಮಿತಿಯೂ ನೇಮಿಸಲಾರದು. ಅವರನ್ನು ಊರಿನಲ್ಲೇ ಹುಡುಕಬೇಕು.