ಬಂದ ಮೇಲೆ ಇಲ್ಲೇನು ಮಾಡುತ್ತಾಳೆ?

ಬಿ.ವಿ. ಕಾರಂತರ ಆತ್ಮಕಥನದ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಕಾರಂತರು ಹೇಳಿದ್ದನ್ನು ವೈದೇಹಿ ನಿರೂಪಿಸಿದ ಪುಸ್ತಕ. ಈ ಹೆಸರನ್ನು ನಾವು ಒಬ್ಬ ಅಲೆಮಾರಿ ಕಲಾವಿದನ ಚಡಪಡಿಕೆ ಎಂದು ಓದಿ ಮುಂದೆ ಹೋಗುತ್ತೇವೆ. ಈ ಬೇಸಿಗೆಯಲ್ಲಿ ಮತ್ತೆ ಕೈಗೆತ್ತಿಕೊಂಡಾಗ ನನಗೆ ಅದು ಇನ್ನೊಂದು ಬಗೆಯಲ್ಲಿ ಕೇಳಿಸಿತು. 'ಇಲ್ಲಿ' ಎನ್ನುವುದು ಒಂದು ಮನೆ. ಹುಡುಗ ಹೊರಟುಹೋದ ಮೇಲೂ ಅಲ್ಲಿ ಜನ ಉಳಿದಿರುತ್ತಾರೆ, ಸಂಜೆ ದೀಪ ಹಚ್ಚುತ್ತಾರೆ, ಒಂದು ತಟ್ಟೆ ಕಡಿಮೆ ಹಾಕುತ್ತಾರೆ. ಆತ್ಮಕಥೆ ಎಂಬ ಪ್ರಕಾರವೇ ಹೋದವರ ಪ್ರಕಾರ. ಉಳಿದವರು ಬರೆಯುವುದಿಲ್ಲ.

ನಮ್ಮ ರಂಗಭೂಮಿಯ ದೊಡ್ಡ ಹೆಸರುಗಳನ್ನು ನೆನೆಸಿಕೊಳ್ಳಿ. ಕಾರಂತರು ಬಂಟ್ವಾಳ ತಾಲ್ಲೂಕಿನ ಮಂಚಿಯವರು. ಮೂರನೇ ತರಗತಿಯಲ್ಲೇ ಪಿ.ಕೆ. ನಾರಾಯಣರು ಆಡಿಸಿದ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದ ಹುಡುಗ, ಮುಂದೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಅದೇ ಕಂಪನಿಯಲ್ಲಿ ಅದೇ ಓರಗೆಯ ಇನ್ನೊಬ್ಬ ಹುಡುಗ ಇದ್ದ, ಗಾಜನೂರಿನ ಮುತ್ತುರಾಜ. ಇಬ್ಬರೂ 1929ರಲ್ಲಿ ಹುಟ್ಟಿದವರು. ಮುತ್ತುರಾಜ ಓಡಿಬಂದವನಲ್ಲ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಕಂಪನಿಯ ನಟ, ಮಗ ಅಪ್ಪನ ಹಿಂದೆ ಬಂದವನು. ಒಬ್ಬ ಮನೆಯಿಂದ ತಪ್ಪಿಸಿಕೊಂಡು ರಂಗಕ್ಕೆ ಬಂದ, ಇನ್ನೊಬ್ಬನಿಗೆ ರಂಗವೇ ಮನೆಯಾಗಿತ್ತು. ತಂದೆ ಊರಲ್ಲಿ ಕೂತು ಯೋಚನೆ ಮಾಡಿ, ದುಡ್ಡು ಹೊಂದಿಸಿ, ಬಸ್ಸು ಹತ್ತಿಸಿ 'ಹೋಗಿ ಕಲಿತು ಬಾ' ಎಂದು ಕಳಿಸುವ ಮೂರನೆಯ ದಾರಿ ಈ ಇಬ್ಬರಲ್ಲಿ ಯಾರದೂ ಅಲ್ಲ. ಕಾರಂತರ ಬದುಕಿನಲ್ಲಿ 'ಕಳಿಸುವುದು' ಬರುವುದು ಆಮೇಲೆ, ಎಂ.ಎ. ಓದಲು ಅವರನ್ನು ಕಾಶಿಗೆ ಕಳಿಸಿದಾಗ. ಕಳಿಸಿದವರು ಕಂಪನಿಯ ಮಾಲೀಕ ವೀರಣ್ಣ.

ಆ ಮೂರನೆಯ ದಾರಿ ಈಗ ಸಾಮಾನ್ಯವಾಗಿದೆ. ಕಾರಂತರು 1989ರಿಂದ ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಬೇಸಿಗೆ ಬಂದರೆ ಚಿನ್ನರ ಮೇಳ, ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲಿ ಶಿಬಿರ. ಓಡಿಬಂದವನು ಕಟ್ಟಿದ ಸಂಸ್ಥೆಯ ಬಾಗಿಲಲ್ಲಿ ಅಪ್ಪ ಅಮ್ಮಂದಿರು ಅರ್ಜಿ ಹಿಡಿದು ನಿಂತಿರುವುದು ನಗು ತರಿಸುವ ಚಿತ್ರ, ಸಂತೋಷದ್ದೂ ಹೌದು. ಆದರೆ ಇದನ್ನು ಕುರಿತು ನಮ್ಮಲ್ಲಿ ಬರುವ ಬರಹ ಎರಡೇ ಬಗೆಯದು. ಒಂದು, ಶಿಬಿರದಿಂದ ಮಕ್ಕಳ ವ್ಯಕ್ತಿತ್ವ ಅರಳುತ್ತದೆ ಎಂಬ ಪತ್ರಿಕಾ ವರದಿ. ಇನ್ನೊಂದು, ಶಿಬಿರಗಳು ವ್ಯಾಪಾರವಾಗಿವೆ ಎಂಬ ಗೊಣಗಾಟ. ಎರಡರಲ್ಲೂ ಕಳಿಸುವವರ ಮನಸ್ಸಿಲ್ಲ.

ಈ ವಿಷಯ ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ನನ್ನ ಅಕ್ಕನ ಮನೆ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಕೂತಿದ್ದಾಳೆ. ಪಿಯುಸಿ ಶುರುವಾಗುವವರೆಗಿನ ಎರಡು ತಿಂಗಳು ಹಳ್ಳಿಯ ಮಕ್ಕಳಿಗೆ ಸಿಗುವ ಒಂದೇ ಒಂದು ಬಿಡುವು. ಅದನ್ನೂ ಈಗ ನೀಟ್, ಸಿಇಟಿ ಹೆಸರಿನ ಬ್ರಿಡ್ಜ್ ಕೋರ್ಸುಗಳು ನುಂಗಿವೆ. ಹುಡುಗಿಗೆ ಮಾತ್ರ ದೂರದ ಊರಿನ ಒಂದು ವಸತಿ ರಂಗಶಿಬಿರಕ್ಕೆ ಹೋಗುವಾಸೆ. ಭಾವ ನನಗೆ ಫೋನು ಮಾಡಿದರು. ಅವರು ನಾಟಕದ ವಿರೋಧಿಯಲ್ಲ, ಊರ ಕುರುಕ್ಷೇತ್ರದಲ್ಲಿ ಎರಡು ಸಲ ಶಕುನಿ ಪಾರ್ಟು ಮಾಡಿದವರು. "ದುಡ್ಡಿನ ಮಾತು ಬಿಡಮ್ಮ, ಒಂದು ತೋಟ ಟೊಮೇಟೊ ಕೈ ಹಿಡಿದ್ರೆ ಆಗೋಗ್ತದೆ. ಕಲ್ತು ಬಂದ ಮೇಲೆ ಇಲ್ಲೇನು ಮಾಡ್ತಾಳೆ? ಅದು ಹೇಳು" ಅಂದರು. ಪುಸ್ತಕ ಓದುವವಳು ನೀನು, ನಿನಗೆ ಗೊತ್ತಿರಬೇಕು ಎಂಬ ಧಾಟಿ. ಈ ಪ್ರಶ್ನೆಗೂ ಕಾರಂತರ ಪುಸ್ತಕದ ಹೆಸರಿಗೂ ಇರುವ ನಂಟು ಫೋನಿಟ್ಟ ಮೇಲೆ ಹೊಳೆಯಿತು. ಇಲ್ಲಿರಲಾರೆ ಎಂದು ಮಗ ಹೇಳುವ ಮೊದಲೇ ಅಪ್ಪನೊಬ್ಬ ಅದನ್ನು ಊಹಿಸಿ ಹೆದರಿದ್ದಾನೆ.

ಈ ಹೆದರಿಕೆಯನ್ನೇ ಹಿಡಿದು ಬರೆದ ಒಂದು ಅಮೆರಿಕನ್ ಕಾದಂಬರಿ ಇದೆ, ಮೆಗ್ ವೊಲಿಟ್ಜರ್ 2013ರಲ್ಲಿ ಬರೆದ 'ದಿ ಇಂಟರೆಸ್ಟಿಂಗ್ಸ್'. ಅಲ್ಲಿ ಹದಿಹರೆಯದವರನ್ನು ಬೇಸಿಗೆಯ ಕಲಾಶಿಬಿರಗಳಿಗೆ ಕಳಿಸುವುದು ಹಳೆಯ ರೂಢಿ. ಮಿಶಿಗನ್ನಿನ ಇಂಟರ್‌ಲಾಕನ್ ಶಿಬಿರ ಶುರುವಾದದ್ದು 1928ರಲ್ಲಿ. ನಮ್ಮ ಕನ್ನಡದ ಮನೆಗಳ ಮಕ್ಕಳೂ ಅಲ್ಲಿ ಕಾಲೇಜಿಗೆ ಮುಂಚಿನ ಇಂಥ ಶಿಬಿರಗಳಿಗೆ ಹೋಗುತ್ತಾರೆ. ಕಾದಂಬರಿಯ ಜೂಲಿ ಜೇಕಬ್ಸನ್ ಹದಿನೈದರ ಹುಡುಗಿ. ಅಪ್ಪ ತೀರಿಕೊಂಡ ವರ್ಷ, 1974ರ ಬೇಸಿಗೆಯಲ್ಲಿ, ವಿದ್ಯಾರ್ಥಿವೇತನದ ಮೇಲೆ ಶಿಬಿರಕ್ಕೆ ಬರುತ್ತಾಳೆ. ನ್ಯೂಯಾರ್ಕಿನ ಸಿರಿವಂತ ಮಕ್ಕಳ ಗುಂಪು ಅವಳನ್ನು ಒಳಗೆ ಬಿಟ್ಟುಕೊಂಡು ಹೆಸರನ್ನೂ ತಿದ್ದಿ 'ಜೂಲ್ಸ್' ಮಾಡುತ್ತದೆ. ಅಲ್ಲಿಂದಾಚೆ ಅವಳ ಪಾಲಿಗೆ ಊರು, ತಾಯಿ, ಅಕ್ಕ ಎಲ್ಲವೂ ಸಪ್ಪೆ. ಅವಳು ನಟಿಯಾಗುವುದಿಲ್ಲ, ಮನೋಚಿಕಿತ್ಸಕಿಯಾಗುತ್ತಾಳೆ. ಗುಂಪಿನ ಒಬ್ಬ ಹುಡುಗ ಮಾತ್ರ ಕಾರ್ಟೂನು ಮಾಡಿ ಕೋಟಿಗಟ್ಟಲೆ ಗಳಿಸುತ್ತಾನೆ. ಉಳಿದ ಬದುಕಿನುದ್ದಕ್ಕೂ ಜೂಲ್ಸ್ ಆ ಒಂದು ಬೇಸಿಗೆಯ ಬೆಳಕಿನಲ್ಲೇ ಉಳಿದೆಲ್ಲವನ್ನೂ ಅಳೆಯುತ್ತಾಳೆ.

ಹೊಟ್ಟೆಕಿಚ್ಚನ್ನು ಇಷ್ಟು ಸಾವಧಾನವಾಗಿ ಬರೆದ ಕಾದಂಬರಿಗಳು ಕಡಿಮೆ. ದ್ವಿತೀಯಾರ್ಧದಲ್ಲಿ ಸಿರಿವಂತಿಕೆಯ ವಿವರ ಅತಿಯಾಯಿತು ಎನಿಸಿದರೂ ಒಂದು ಸತ್ಯವನ್ನು ಅದು ಬಿಡದೆ ಹಿಡಿದಿದೆ. ಶಿಬಿರ ಕೊಟ್ಟದ್ದು ಕಲೆಯನ್ನಲ್ಲ, ಗೆಳೆಯರನ್ನು. ಆ ಗೆಳೆತನಕ್ಕೆ ವರ್ಗವಿತ್ತು, ಅದು ಹದಿನೈದರ ಹುಡುಗಿಗೆ ಕಾಣಲಿಲ್ಲ. ಗುಂಪಿನೊಳಗೇ ಒಬ್ಬ ಹುಡುಗನ ಮೇಲೆ ಅತ್ಯಾಚಾರದ ಆರೋಪ ಬಂದಾಗ ಎಲ್ಲರೂ ಯಾರ ಪಕ್ಕ ನಿಂತರು ಎಂಬಲ್ಲಿ ಆ ವರ್ಗ ಬಾಯಿಬಿಡುತ್ತದೆ. ದೂರು ಹೇಳಿದ ನೃತ್ಯದ ಹುಡುಗಿ ಗುಂಪಿನಿಂದಲೂ ಕಾದಂಬರಿಯ ನಡುವಿನಿಂದಲೂ ಸರಿದುಹೋಗುತ್ತಾಳೆ. ಲೇಖಕಿ ಇದನ್ನು ಬೇಕೆಂದೇ ಮಾಡಿದ್ದಾಳೆ ಎಂದು ನನ್ನ ಓದು. ಹೆಣ್ಣುಮಗಳನ್ನು ಶಿಬಿರಕ್ಕೆ ಕಳಿಸುವವರು ಈ ಪುಟಗಳನ್ನು ಓದಬೇಕು. ಸೂಸನ್ ಚಾಯ್ ಅವರ 2019ರ 'ಟ್ರಸ್ಟ್ ಎಕ್ಸರ್ಸೈಸ್' ಕಾದಂಬರಿಯನ್ನೂ ಓದಬಹುದು. ಅದರಲ್ಲಿ ನಾಟಕದ ಮೇಷ್ಟರಿಗೆ ಹದಿಹರೆಯದ ಮಕ್ಕಳ ಮೇಲೆ ಸಿಗುವ ಹಿಡಿತವೇ ವಸ್ತು. 'ನಾಚಿಕೆ ಬಿಡು, ನಿನ್ನೊಳಗಿನದ್ದನ್ನೆಲ್ಲ ಹೊರಗೆ ಹಾಕು' ಎನ್ನುವ ಮಾತು ನಟನೆಯ ಪಾಠವೂ ಆಗಬಹುದು, ಬೇರೇನೂ ಆಗಬಹುದು. ನಮ್ಮಲ್ಲಿ ಗುರುಭಕ್ತಿಯ ದಟ್ಟ ಹೊಗೆಯಲ್ಲಿ ಈ ಮಾತನ್ನು ಎತ್ತುವುದೇ ಕಷ್ಟ.

ಆದರೆ ವೊಲಿಟ್ಜರ್ ಕಾದಂಬರಿಯನ್ನು ಕೆಂಚಾರ್ಲಹಳ್ಳಿಗೆ ಹಾಗೇ ತಂದಿಡಲು ಬರುವುದಿಲ್ಲ. ಜೂಲ್ಸಳ ಊರಿನಲ್ಲಿ ಹೊಳಪಿನದ್ದು ಏನೂ ಇಲ್ಲ, ಹೊಳೆಯುವುದೆಲ್ಲ ಶಿಬಿರದಲ್ಲೇ. ನಮ್ಮ ಸೀಮೆಯ ಕಥೆ ಬೇರೆ. ಇಲ್ಲಿ ಕಲಿಯಲು ಯಾರನ್ನೂ ಎಲ್ಲಿಗೂ ಕಳಿಸುತ್ತಿರಲಿಲ್ಲ, ಮೇಷ್ಟರೇ ಊರಿಗೆ ಬರುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬೀಡುಬಿಟ್ಟು, ಹಗಲೆಲ್ಲ ಹೊಲದಲ್ಲಿ ದುಡಿದವರಿಗೆ ರಾತ್ರಿ ಕಂದ, ವೃತ್ತಗಳ ಮಟ್ಟು ಕಲಿಸುವುದು, ಕೊನೆಗೆ ಬಾಡಿಗೆ ಸೀನರಿ ತರಿಸಿ ಬೆಳಗಿನವರೆಗೆ ಆಡುವುದು. ಪಾರ್ಟಿಗಿಷ್ಟು ಎಂದು ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ದುರ್ಯೋಧನನಿಗೆ ಹೆಚ್ಚು, ಚಿಕ್ಕ ಪಾರ್ಟಿಗೆ ಕಡಿಮೆ. ಶಿಬಿರಗಳ ಶುಲ್ಕ ನೋಡಿ ಮೂಗು ಮುರಿಯುವವರಿಗೆ ಇದೂ ನೆನಪಿರಲಿ. ಇನ್ನು ಭಾಷೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಎರಡೂ. ಪಕ್ಕದ ಕೈವಾರದ ತಾತಯ್ಯನವರ ತೆಲುಗು ತತ್ವಪದಗಳನ್ನು ನಾವು ಕನ್ನಡ ಲಿಪಿಯಲ್ಲಿ ಓದಿಕೊಂಡು ಹಾಡುತ್ತೇವೆ. ಗುರುಪೂರ್ಣಿಮೆಗೆ ಅಲ್ಲಿ ಹಗಲು ರಾತ್ರಿಯೆನ್ನದೆ ಸಂಗೀತ. ಆ ಹುಡುಗಿ ಇದನ್ನೆಲ್ಲ ಕೇಳಿಯೇ ಬೆಳೆದಿದ್ದಾಳೆ. 'ಇಲ್ಲೇನಿದೆ' ಎಂದು ಹೇಳುವ ಹಾಗಿಲ್ಲ.

ಹಾಗಾದರೆ ಹೋಗಬೇಕು ಏಕೆ? ಊರ ನಾಟಕವನ್ನು ಮೆಚ್ಚಿ ಬರೆಯುವ ನಮ್ಮ ವಿಮರ್ಶೆ ಇಲ್ಲಿ ಸಾಮಾನ್ಯವಾಗಿ ಕಣ್ಣು ಮುಚ್ಚುತ್ತದೆ. ಊರ ಕುರುಕ್ಷೇತ್ರದಲ್ಲಿ ದ್ರೌಪದಿ ಊರವಳಲ್ಲ. ಸ್ತ್ರೀಪಾತ್ರಕ್ಕೆ ದುಡ್ಡು ಕೊಟ್ಟು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಸಂಜೆ ಬಂದು ಬಣ್ಣ ಹಚ್ಚಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಾರೆ. ಊರ ಗಂಡಸರು ಅವರ ಹಾಡಿಗೆ ನೋಟು ಚುಚ್ಚುತ್ತಾರೆ. ತನ್ನ ಮನೆಯ ಹುಡುಗಿ ಅದೇ ರಂಗದ ಮೇಲೆ ನಿಂತರೆ ಇದೇ ಗಂಡಸರು ತಲೆ ತಗ್ಗಿಸುತ್ತಾರೆ. ಅಪ್ಪ ಶಕುನಿಯಾಗಬಹುದು, ಮಗಳು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂರಬಹುದು. ಅಷ್ಟೇ.

ಇನ್ನೊಂದು ಸಂಗತಿ ಇದಕ್ಕಿಂತ ಗಡುಸು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ವಾದನಕ್ಕೆ. ಅದು ನಮ್ಮದೇ ಜಿಲ್ಲೆಯ ಊರು. ನಮ್ಮ ಸೀಮೆಯಲ್ಲಿ ತಮಟೆ ಇಲ್ಲದ ಜಾತ್ರೆಯಿಲ್ಲ, ಹೆಣದ ಮೆರವಣಿಗೆಯಿಲ್ಲ. ಆದರೆ ತಮಟೆ ಇರುವುದು ಕೇರಿಯಲ್ಲಿ. ನನ್ನ ಅಕ್ಕನ ಮಗಳು ಸಂಜೆ ನಡೆದು ಹೋಗಿ ಕೇರಿಯ ಅಂಗಳದಲ್ಲಿ ಕೂತು ತಮಟೆ ಕಲಿಯುತ್ತೇನೆಂದರೆ ಏನಾಗುತ್ತದೆಂದು ಊರಲ್ಲಿ ಎಲ್ಲರಿಗೂ ಗೊತ್ತು. ಅವಳು ಹೊರಟಿರುವ ಶಿಬಿರದ ಕರಪತ್ರದಲ್ಲಿ ತಮಟೆ, ಕಂಸಾಳೆ, ಡೊಳ್ಳು ಮೂರನ್ನೂ ಬರೆದಿದ್ದಾರೆ. ಅಂದರೆ ಐದು ನಿಮಿಷದ ದಾರಿಯಲ್ಲಿರುವುದನ್ನು ಮುಟ್ಟಲು ಅವಳು ಇಡೀ ದಿನದ ಬಸ್ಸು ಪ್ರಯಾಣ ಮಾಡಬೇಕು. ಅಲ್ಲಿ ತಮಟೆಗೆ ಜಾತಿಯಿಲ್ಲ, ಅದು ಬರೀ ತಾಳ. ಇದರಲ್ಲಿ ಬಿಡುಗಡೆ ಇದೆ, ಮರೆವೂ ಇದೆ. ಅದನ್ನು ಪೀಳಿಗೆಗಳಿಂದ ನುಡಿಸಿದವನ ಮಗ ಆ ಶಿಬಿರದಲ್ಲಿ ಇದ್ದಾನೋ ಇಲ್ಲವೋ ಎಂದು ಕೇಳದೆ ಹೋದರೆ ಮರೆವೇ ಗೆಲ್ಲುತ್ತದೆ. ಕೋಲಾರದ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ನನಗೆ ಮುಖ್ಯವೆನಿಸುವುದು ಇದಕ್ಕೇ. ರಾಮಯ್ಯನವರ 'ನಾಯಿತಿಪ್ಪ'ದಂಥ ಮಕ್ಕಳ ನಾಟಕ ಈ ಸೀಮೆಯ ಮಕ್ಕಳ ಬಾಯಿಗೆ ಶಿಷ್ಟ ಕನ್ನಡವನ್ನು ತುರುಕಲು ಹೋಗುವುದಿಲ್ಲ. ಬಹುಪಾಲು ಶಿಬಿರಗಳಲ್ಲಿ ಮೊದಲ ವಾರ ಹೋಗುವುದೇ ಉಚ್ಚಾರ ತಿದ್ದುವುದಕ್ಕೆ. ಮಾತಿನ ಕೊನೆಯನ್ನು ತೆಲುಗಿನಂತೆ ಎಳೆಯುವ ನಮ್ಮ ಮಕ್ಕಳು ಅಲ್ಲಿ ಮೊದಲು ಕಲಿಯುವ ಪಾಠ ಬಾಯಿ ಮುಚ್ಚುವುದು.

ಕಾರಂತರ 'ಪಂಜರ ಶಾಲೆ'ಯನ್ನು ಇಲ್ಲಿ ನೆನೆಯಬೇಕು. ಟ್ಯಾಗೋರರ ಗಿಳಿಯ ಕಥೆಯಿಂದ ಹುಟ್ಟಿದ ನಾಟಕ. ರಾಜ ಹಕ್ಕಿಗೆ ವಿದ್ಯೆ ಕಲಿಸಲು ಹೇಳುತ್ತಾನೆ, ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಎಲ್ಲರ ಹೊಟ್ಟೆಯೂ ತುಂಬುತ್ತದೆ, ಹಕ್ಕಿಯೊಂದು ಸಾಯುತ್ತದೆ. ಶಿಬಿರಗಳ ಕೊನೆಯ ದಿನ ಎಷ್ಟೋ ಕಡೆ ಆಡಿಸುವ ನಾಟಕವಿದು. ನೋಡುವವರು ಯಾರು? ಫೋನೆತ್ತಿ ಹಿಡಿದ ಅಪ್ಪ ಅಮ್ಮಂದಿರು. ಶಾಲೆಯೆಂಬ ಪಂಜರಕ್ಕೆ ಶುಲ್ಕ ಕಟ್ಟಿದವರೇ ನಗುತ್ತಾ ಚಪ್ಪಾಳೆ ತಟ್ಟಿ, ಮರುದಿನ ಹಕ್ಕಿಯನ್ನು ಬ್ರಿಡ್ಜ್ ಕೋರ್ಸಿಗೆ ಬಿಟ್ಟು ಬರುತ್ತಾರೆ. ನಾಟಕ ಸೋತಿತು ಎಂದು ಇದನ್ನು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಹಕ್ಕಿಯ ಪಾರ್ಟು ಮಾಡಿದ ಮಗುವಿಗೆ ಒಂದು ಸಂಜೆಯ ಮಟ್ಟಿಗಾದರೂ ತನ್ನ ಸ್ಥಿತಿಗೆ ಹೆಸರು ಸಿಕ್ಕಿರುತ್ತದೆ. ಬ್ರಿಡ್ಜ್ ಕೋರ್ಸಿನ ಬೆಂಚಿನಲ್ಲಿ ಕೂತಾಗ ಅದಕ್ಕೆ ಆ ಹೆಸರು ನೆನಪಾಗುತ್ತದೆ. ಅಪ್ಪ ಅಮ್ಮಂದಿರಿಗೆ ಆಗದಿರಬಹುದು.

ಭಾವನ ಪ್ರಶ್ನೆಗೆ ಬರುತ್ತೇನೆ. ಬಂದ ಮೇಲೆ ಅವಳು ಇಲ್ಲೇನು ಮಾಡುತ್ತಾಳೆ ಎನ್ನುವುದಕ್ಕೆ ಯಾವ ಪುಸ್ತಕದಲ್ಲೂ ನೇರ ಉತ್ತರ ಸಿಗಲಿಲ್ಲ, ಹೋದವರೆಲ್ಲ ಹೋದದ್ದನ್ನೇ ಬರೆದಿದ್ದಾರೆ. ಆದರೂ ಕಳಿಸಿ ಎಂದೆ. ಕುರುಕ್ಷೇತ್ರದ ರಂಗದ ಮೇಲೆ ಅವಳಿಗೆ ಜಾಗವಿಲ್ಲದಿರುವಾಗ ಇಲ್ಲೇನು ಮಾಡುತ್ತಾಳೆ ಎಂದು ಕೇಳುವುದು ಅವಳನ್ನಲ್ಲ, ನಾಟಕ ಸಂಘದವರನ್ನು ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಶಿಬಿರದವರಿಗೆ ಏನೇನು ಕೇಳಬೇಕೆಂದು ಬರೆದುಕೊಂಡರು. ರಾತ್ರಿ ಹೆಣ್ಣುಮಕ್ಕಳ ಕೋಣೆಯ ಜವಾಬ್ದಾರಿ ಯಾವ ಹೆಂಗಸಿನದು, ಮಗು ಮನೆಗೆ ಫೋನು ಮಾಡಲು ಯಾರನ್ನಾದರೂ ಕೇಳಬೇಕೇ, ತಮಟೆ ಕಲಿಸುವವರು ಎಲ್ಲಿಯವರು. ಕೊನೆಯದನ್ನು ಯಾಕೆ ಕೇಳಬೇಕೆಂದು ಅವರಿಗೆ ಅರ್ಥವಾಗಲಿಲ್ಲ, ನಾನೂ ಫೋನಿನಲ್ಲಿ ವಿವರಿಸಲಿಲ್ಲ. ಮೊದಲ ಎರಡಕ್ಕೆ ಉತ್ತರ ಬಂದಿದೆಯಂತೆ. ಅರ್ಜಿಗೆ ಶನಿವಾರ ಕೊನೆಯ ದಿನ.