ಹತ್ತು ಮಕ್ಕಳು, ಎಂಟು ಊರು, ಒಬ್ಬರು ಅಕ್ಕೋರು

ಐದನೇ ತರಗತಿಯವರೆಗೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟ ಮೇಲೆ ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಮಾಡಿದ ಅನುಪಾತ ಇದು. ಹುದ್ದೆಗಳು ಮಾತ್ರ ತುಂಬಲಿಲ್ಲ. 2025ರ ಮಾರ್ಚ್ 7ರಂದು ಅದೇ ಕೋರ್ಟ್ ರಾಜ್ಯಗಳಿಗೆ ಗಡುವು ಹಾಕಿತು: ಎಷ್ಟು ಹುದ್ದೆ ಎಂದು ಪ್ರಕಟಿಸಿ, ಕಾಯಂ ನೇಮಕಾತಿಗೆ ಜಾಹೀರಾತು ಕೊಡಿ, ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದವರ ಅರ್ಹತೆ ಪರಿಶೀಲಿಸಿ ವೇತನ ಶ್ರೇಣಿಗೆ ಸೇರಿಸಿ. ಈ ಆದೇಶವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೂ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಡುವೆ ನಿಂತು ನೋಡಿದರೆ ಈ ಅನುಪಾತದಲ್ಲೇ ಒಂದು ದೊಡ್ಡ ಕೊರತೆ ಕಾಣುತ್ತದೆ.

ಹತ್ತು ಮಕ್ಕಳು ಒಂದೇ ಶಾಲೆಯಲ್ಲಿ ಕೂತಿರುತ್ತಾರೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ನಮ್ಮ ಕಡೆ ಹಾಗಿಲ್ಲ. ಮುಧೋಳ, ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ಎಷ್ಟೋ ಮನೆತನಗಳು ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡಿವೆ. ಅವರ ಮಕ್ಕಳಿಗಾಗಿ ತೋಟದ ಶಾಲೆಗಳಿವೆ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರುಗಳು ಹೋಗಿ ಜನ ಪುನರ್ವಸತಿ ಕೇಂದ್ರಗಳಿಗೆ ಚದುರಿದರು. ಇಂಥ ಕಡೆ ಒಂದು ಶಾಲೆಯಲ್ಲಿ ಕಿವಿ ಕೇಳದ ಒಂದು ಮಗು, ಎರಡು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದ ಇನ್ನೊಂದು ಮಗು, ಮೂರನೆಯದು ಮನೆಯಲ್ಲೇ. ಹತ್ತು ಮಕ್ಕಳು ಎಂಟು ಊರಲ್ಲಿದ್ದಾರೆ ಎಂದು ಇಟ್ಟುಕೊಳ್ಳಿ. ಅನುಪಾತ ನೂರಕ್ಕೆ ನೂರು ಜಾರಿಯಾದರೂ ಆ ಒಬ್ಬ ಶಿಕ್ಷಕಿ ದಿನಕ್ಕೊಂದು ಊರು ಹಿಡಿದರೆ ಆರು ದಿನದ ವಾರ ಎಂಟು ಊರಿಗೆ ಸಾಲದು. ಬಸ್ಸಿಗೆ ಕಾಯುವ ಹೊತ್ತು, ತೋಟದ ದಾರಿಯ ಕೆಸರು, ಕೃಷ್ಣೆ, ಘಟಪ್ರಭೆ ತುಂಬಿದಾಗ ಮುಚ್ಚುವ ರಸ್ತೆ, ಇವು ಯಾವ ಅಧಿಸೂಚನೆಯಲ್ಲೂ ಇಲ್ಲ. 2019ರ ಆಗಸ್ಟಿನ ಪ್ರವಾಹದಂಥ ಹೊತ್ತಿನಲ್ಲಂತೂ ಎಲ್ಲರಿಗಿಂತ ಮೊದಲು ಕಲಿಕೆ ತಪ್ಪುವುದು, ಶಿಕ್ಷಕರು ಹೊರಗಿನಿಂದ ಬರಬೇಕಾದ ಈ ಮಕ್ಕಳಿಗೇ.

ಹಾಗೆಂದು ಐವತ್ತು ವರ್ಷದ ಕಾನೂನು, ಯೋಜನೆಗಳೆಲ್ಲ ಬರೀ ಕಾಗದ ಎನ್ನಲಾರೆ. 1974ರಲ್ಲಿ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಕೇಂದ್ರದ ಯೋಜನೆ ಬಂತು. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ಹತ್ತಿರದ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಎಂದು ಬರೆಯಿತು. ಮಿಕ್ಕ ಮಕ್ಕಳಿಗೆ ಶಿಕ್ಷಣ ಹಕ್ಕು ಹದಿನಾಲ್ಕಕ್ಕೆ ನಿಲ್ಲುವಾಗ ಇವರಿಗೆ ಹದಿನೆಂಟರವರೆಗೆ ಹೋದದ್ದು ದೊಡ್ಡ ಗೆಲುವು. ಓದು ಬರೆಹದಲ್ಲಿ ಮಾತ್ರ ತೊಡಕಿರುವ ಮಗುವಿಗೆ ನಮ್ಮ ಊರುಗಳಲ್ಲಿ ‘ಇವಂಗ ಸಾಲಿ ಹತ್ತಂಗಿಲ್ರಿ’ ಎಂಬ ಒಂದೇ ಮಾತಿತ್ತು. ಕಲಿಕಾ ನ್ಯೂನತೆಯನ್ನು ಕಾನೂನು ಹೆಸರಿಟ್ಟು ಗುರುತಿಸಿದ ಮೇಲೆ ಆ ಮಾತನ್ನು ಎದುರಿಸಲು ತಾಯಿಗೆ ಒಂದು ಆಧಾರ ಸಿಕ್ಕಿದೆ.

ಆದರೆ ಒಂದೊಂದು ಬದಲಾವಣೆಯೂ ಶಿಕ್ಷಕರ ಕೈಗೆ ಹೊಸ ನಮೂನೆಯೊಂದನ್ನು ಕೊಟ್ಟಿತು. ವರ್ಗಗಳು ಹೆಚ್ಚಾದವು, ಗುರುತಿಸುವ ಕೆಲಸ ಹೆಚ್ಚಿತು. ವಿದ್ಯಾರ್ಥಿಗಳ ಮಾಹಿತಿಯ ಎಸ್‌ಎಟಿಎಸ್‌ನಲ್ಲಿ ದಾಖಲೆ, ಶಾಲಾ ಮಾಹಿತಿಯ ಯುಡೈಸ್‌ನಲ್ಲಿ ಸಂಕೇತ, ವೈಕಲ್ಯ ಗುರುತಿಸುವ ‘ಪ್ರಶಸ್ತ್’ ಆ್ಯಪ್‌ನಲ್ಲಿ ಪ್ರಶ್ನಾವಳಿ, ವೈದ್ಯಕೀಯ ತಪಾಸಣಾ ಶಿಬಿರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಸಾಧನ ಸಲಕರಣೆ ಹಂಚಿಕೆ, ಬೆಂಗಾವಲು ಭತ್ಯೆಯ ಪಟ್ಟಿ. ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕಚೇರಿಯಲ್ಲಿ ಕೂತು ಇಡೀ ವಲಯ ಸುತ್ತಬೇಕಾದ ಸಮನ್ವಯ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಕೈಬೆರಳೆಣಿಕೆಯ ಜನ. ಕಾಗದದ ಹೊಣೆಯೆಲ್ಲ ಅವರದೇ. ರಬಕವಿ-ಬನಹಟ್ಟಿ ತಾಲ್ಲೂಕು ಹುಟ್ಟಿದ್ದು ತೀರಾ ಈಚೆಗೆ; ಅದಕ್ಕೂ ಮೊದಲಿನಿಂದ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಆ ಭಾಗದ ಹೆಚ್ಚಿನ ಶಾಲೆಗಳು ಜಮಖಂಡಿ ವಲಯದ ಹೊಣೆಯಾಗಿಯೇ ಬಂದವು. ಹಿಡಿಯಷ್ಟು ಜನ ಇಷ್ಟು ದೊಡ್ಡ ಸೀಮೆಯಲ್ಲಿ ಮಕ್ಕಳ ಎಣಿಕೆ ಮಾಡಿಯಾರು, ಶಿಬಿರ ನಡೆಸಿಯಾರು. ಬ್ರೈಲ್ ಕಲಿಸಲು, ತುಟಿ ಚಲನೆ ಓದಿಸಲು, ಪೆನ್ಸಿಲು ಹಿಡಿಯಲಾರದ ಬೆರಳಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಲು ಅವರಿಗೆ ಹೊತ್ತೆಲ್ಲಿದೆ? ಸಮಗ್ರ ಶಿಕ್ಷಣ ಯೋಜನೆ 2018ರಲ್ಲಿ ಒಂದು ಮಗುವಿಗೆ ವರ್ಷಕ್ಕೆ 3500 ರೂಪಾಯಿ ಎಂದು ಗೊತ್ತುಮಾಡಿತು. ದಿನಕ್ಕೆ ಹತ್ತು ರೂಪಾಯಿಯೂ ಆಗದ ಹಣ ಅದು.

ನನ್ನ ಅತಿ ದೊಡ್ಡ ತಕರಾರು ಗೃಹಾಧಾರಿತ ಶಿಕ್ಷಣದ ಬಗ್ಗೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ತೀವ್ರ ವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯಲು ಆಯ್ಕೆ ಮಾಡಿಕೊಳ್ಳಬಹುದು ಎಂದಿತು. ಶಾಲೆಯ ಬಾಗಿಲಲ್ಲಿ ಇಳಿಜಾರು ಇದ್ದು, ಶೌಚಾಲಯಕ್ಕೆ ಕರೆದೊಯ್ಯಲು ಆಯಾ ಇದ್ದು, ಕರೆತರಲು ಗಾಡಿ ಇದ್ದು, ಆಮೇಲೂ ಮನೆಯೇ ಬೇಕೆಂದರೆ ಅದು ಆಯ್ಕೆ. ಇದಾವುದೂ ಇಲ್ಲದಿದ್ದಾಗ ಮಗು ಮನೆಯಲ್ಲಿ ಉಳಿಯುವುದು ಅನಿವಾರ್ಯತೆ. ದಾಖಲಾತಿ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ: ಮಗುವಿನ ಹೆಸರಿದೆ, ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಇಲ್ಲ, ಗುರಿ ಮುಟ್ಟಿದೆ.

ರಬಕವಿ, ಬನಹಟ್ಟಿಯ ನೇಕಾರರ ಮನೆ ನೆನೆಸಿಕೊಳ್ಳಿ. ಮುಂದಿನ ಖೋಲಿಯಲ್ಲಿ ಪವರ್‌ಲೂಮು, ಒಳಗೆ ತಾಯಿ ಕಂಡಿಕೆ ಸುತ್ತುತ್ತಾಳೆ. ಕೆಲಸ ನಿಂತರೆ ಆ ದಿನದ ಕೂಲಿ ನಿಂತಂತೆ. ವಾರಕ್ಕೊಮ್ಮೆ ಗೌರವಧನದ ಮೇಲೆ ದುಡಿಯುವ ಸ್ವಯಂಸೇವಕಿ ಬಂದು ಮಗುವಿಗೆ ಕಲಿಸಿ, ಉಳಿದ ದಿನ ನೀವು ಹೀಗೆ ಮಾಡಿಸಿ ಎಂದು ತಾಯಿಗೆ ತೋರಿಸಿ ಹೋಗುತ್ತಾಳೆ. ತಾಯಿಗೆ ಮನಸ್ಸಿಲ್ಲವೆಂದಲ್ಲ, ಕೈ ಬಿಡುವಿಲ್ಲ. ಸರ್ಕಾರ ಕೊಡಿಸಿದ ಶ್ರವಣ ಸಾಧನವಾದರೂ ನೆರವಾದೀತೇ? ಮಾತನ್ನೂ ಮಗ್ಗದ ಸದ್ದನ್ನೂ ಬೇರ್ಪಡಿಸಿ ಕೇಳುವುದನ್ನು ಕಲಿಸುವವರಿಲ್ಲದಿದ್ದರೆ ಅದು ಎಲ್ಲವನ್ನೂ ಸೇರಿಸಿ ದೊಡ್ಡದಾಗಿ ಕೇಳಿಸುತ್ತದೆ. ಮಗು ಅದನ್ನು ಕಿತ್ತಿಡುತ್ತದೆ. ಉಪಕರಣದ ಹಂಚಿಕೆ ವರದಿಯಲ್ಲಿ ಬರುತ್ತದೆ, ಕಿತ್ತಿಟ್ಟದ್ದು ಬರುವುದಿಲ್ಲ. ಮನೆಯಲ್ಲಿ ಕಲಿಸುವ ಆ ಸ್ವಯಂಸೇವಕಿಯರ ಬಗ್ಗೆ ನನಗೆ ಅಪಾರ ಗೌರವವಿದೆ. ಅತಿ ಕಷ್ಟದ ಕಲಿಸುವಿಕೆಯನ್ನು ಅತಿ ಕಡಿಮೆ ಸಂಬಳದವರ ಹೆಗಲಿಗೆ ಹಾಕಿದ ವ್ಯವಸ್ಥೆಯ ಬಗ್ಗೆ ಇಲ್ಲ.

ಇದಕ್ಕೆ ಹೋಲಿಸಿದರೆ, ಈ ಮಕ್ಕಳಿಗಾಗಿ ಮಾಡದ ಒಂದು ಬದಲಾವಣೆ ಅವರಿಗೆ ಹೆಚ್ಚು ಒದಗಿತು ಎಂಬುದು ನನ್ನ ಎಣಿಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಶುರುಮಾಡಿದ ನಲಿ-ಕಲಿ ಆಮೇಲೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂತು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಲ್ಲೇ ನಿಂತು, ತನ್ನ ವೇಗಕ್ಕೆ ಮೇಲೇರುತ್ತದೆ. ಒಂದು ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಶಿಕ್ಷಕರ ಬೆಂಬಲ, ಇನ್ನೊಂದರಲ್ಲಿ ಗೆಳೆಯರ ಬೆಂಬಲ. ನಿಧಾನ ಕಲಿಯುವ ಮಗುವಿಗೆ ಇಲ್ಲಿ ‘ಹಿಂದೆ ಬಿದ್ದವನು’ ಎಂಬ ಹಣೆಪಟ್ಟಿ ಬೇಕಾಗಿಲ್ಲ. ಆದರೆ ಇದು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ. 2023–24ರಲ್ಲಿ 5, 8, 9ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಬಂದು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024ರ ಏಪ್ರಿಲಿನಲ್ಲಿ ಫಲಿತಾಂಶಕ್ಕೆ ತಡೆ ಬಿದ್ದದ್ದು ನೆನಪಿರಬಹುದು. ಆ ಜಗಳದುದ್ದಕ್ಕೂ ಈ ಮಕ್ಕಳ ಹೆಸರು ಕೇಳಿಸಿದ್ದು ಅಪರೂಪ.

ಇನ್ನು ಕಾನೂನು ಕೊಟ್ಟ ‘ಬಯಸಿದ ವಿಶೇಷ ಶಾಲೆ’. ಕಿವುಡ ಮಕ್ಕಳ ಸರ್ಕಾರಿ ಶಾಲೆ ಬೇಕಾದರೆ ಬೆಳಗಾವಿ, ಅಂಧ ಮಕ್ಕಳದ್ದು ಹುಬ್ಬಳ್ಳಿ. ಆರು ವರ್ಷದ ಮಗುವನ್ನು ಅಷ್ಟು ದೂರದ ಹಾಸ್ಟೆಲಿಗೆ ಬಿಡುವ ಎದೆಗಾರಿಕೆ ಎಲ್ಲ ತಾಯಂದಿರಿಗೂ ಇರಬೇಕು ಎನ್ನುವುದು ನ್ಯಾಯವಲ್ಲ. ಕಣ್ಣಿಲ್ಲದ ಮಕ್ಕಳನ್ನು ಈ ಸೀಮೆಯ ಜನ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಯ್ದು ಬಿಟ್ಟದ್ದುಂಟು. ಅಲ್ಲಿನ ಸಂಗೀತ ಗುರುಗಳಾದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗುರುವಿನ ಜೊತೆ ದಿನವಿಡೀ ಇರುವ ಕಲಿಕೆಯನ್ನು ಆ ಮಕ್ಕಳಿಗೆ ಕೊಟ್ಟರು. ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳದು ಬೇರೆ ಕಥೆ. ಅವು ಶಿಕ್ಷಣ ಇಲಾಖೆಗೆ ಸೇರದೆ ವಿಕಲಚೇತನರ ಸಬಲೀಕರಣ ಇಲಾಖೆಯ ಅನುದಾನದ ಮೇಲೆ ನಡೆಯುತ್ತವೆ. ಮಗು ಒಂದೇ, ಕೇಳಬೇಕಾದ ಇಲಾಖೆ ಎರಡು. ಹೀಗಾಗಿ ಅಲ್ಲಿನ ಶಿಕ್ಷಕರ ಅನುಭವ ತೋಟದ ಶಾಲೆಯ ಶಿಕ್ಷಕರಿಗೆ ದಾಟುವುದೇ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಮಾನ್ಯ ವಿಷಯ ಶಿಕ್ಷಕರಿಗೇ ವಿಶೇಷ ಶಿಕ್ಷಣದ ಎರಡನೇ ಪರಿಣತಿ ಕೊಡಿಸುವ ಮಾತಾಡಿತು. ಒಳ್ಳೆಯದೇ, ಆದರೆ ಮೂರು ತರಗತಿಗೆ ಒಬ್ಬರಿರುವ ಶಾಲೆಯಲ್ಲಿ ಪ್ರಮಾಣಪತ್ರವೊಂದು ಹೆಚ್ಚಿದರೆ ಗಂಟೆ ಹೆಚ್ಚುವುದಿಲ್ಲ. ಕರ್ನಾಟಕ ಆ ನೀತಿಯನ್ನು ಬಿಟ್ಟು, ರಾಜ್ಯದ್ದೇ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ನೇತೃತ್ವದ ಆಯೋಗ ರಚಿಸಿತು. ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ರಾಜ್ಯ ತನ್ನದೇ ನೀತಿ ಮಾಡಹೊರಟ ಈ ಹೊತ್ತಿನಲ್ಲಿ ಹುದ್ದೆಯ ಲೆಕ್ಕವನ್ನೂ ತನ್ನ ನೆಲಕ್ಕೆ ತಕ್ಕಂತೆ ಮಾಡಲಿ: ಹತ್ತು ಮಕ್ಕಳು ಎಷ್ಟು ಊರಲ್ಲಿದ್ದಾರೆ, ನಡುವಿನ ದಾರಿ ಎಷ್ಟು ಎಂದು ನೋಡಿ ಕಾಯಂ ಹುದ್ದೆ ಕೊಡಲಿ, ಪ್ರಯಾಣದ ಹೊತ್ತನ್ನು ಕೆಲಸದ ಹೊತ್ತೆಂದು ಒಪ್ಪಲಿ, ನಮೂನೆ ತುಂಬಲು ಬೇರೆ ಸಿಬ್ಬಂದಿ ಕೊಡಲಿ. ಇದಕ್ಕೆಲ್ಲ ಹಣ ಬೇಕು, ಕಾಲವೂ ಹಿಡಿಯುತ್ತದೆ. ಒಂದು ಕೆಲಸಕ್ಕೆ ಮಾತ್ರ ಎರಡೂ ಬೇಡ. ಪ್ರತಿ ತಿಂಗಳ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ, ಆ ತಿಂಗಳು ವಿಶೇಷ ಶಿಕ್ಷಕರು ಈ ಊರಿನ ಯಾವ ಮಗುವಿನ ಜೊತೆ ಎಷ್ಟು ಗಂಟೆ ಕೂತು ಕಲಿಸಿದರು ಎಂಬುದನ್ನು ಮುಖ್ಯಗುರುಗಳು ಓದಿ ಹೇಳಿ, ಆ ಮಗುವಿನ ತಾಯಿಯ ಮಾತನ್ನೂ ಸೇರಿಸಿ ನಡಾವಳಿಯಲ್ಲಿ ಬರೆಸಲಿ.